ಮೂಳೆ ಕೇಳುವ ಕಾಲ

ಬೆನ್ನಿನ ಆಪರೇಷನ್ ಆದವರನ್ನು ನೋಡಿ ಬಂದವರು ಗೇಟು ದಾಟುವ ಮೊದಲೇ ಹೇಳುವ ಮಾತು ಒಂದೇ: ‘ರಾಡ್ ಹಾಕಿದ್ದಾರಂತೆ.’ ಸ್ಕ್ರೂ ಎಷ್ಟು, ಟೈಟಾನಿಯಮ್ಮೋ ಸ್ಟೀಲೋ, ಖರ್ಚೆಷ್ಟು ಬಂತು, ಏರ್‌ಪೋರ್ಟಿನಲ್ಲಿ ಬೀಪ್ ಅನ್ನುತ್ತದೋ ಇಲ್ಲವೋ, ಇಷ್ಟರಲ್ಲಿ ಚರ್ಚೆ ಮುಗಿಯುತ್ತದೆ. ಎಕ್ಸ್-ರೇಯಲ್ಲಿ ಬೆಳ್ಳಗೆ ಎದ್ದು ಕಾಣುವುದು ಲೋಹವೇ ಆದ್ದರಿಂದ ಕಣ್ಣು ಅಲ್ಲಿಗೇ ಹೋಗುವುದು ಸಹಜ. ಆದರೆ ಸ್ಪೈನಲ್ ಫ್ಯೂಷನ್ನಿನಲ್ಲಿ ಬೆನ್ನನ್ನು ಬೆಸೆಯುವುದು ರಾಡೂ ಅಲ್ಲ, ಸರ್ಜನ್ನರೂ ಅಲ್ಲ. ಬೆಸೆಯುವುದು ರೋಗಿಯ ದೇಹ. ಅದೂ ಆಸ್ಪತ್ರೆಯ ಬಿಲ್ ಕಟ್ಟಿ ಮನೆಗೆ ಬಂದ ಮೇಲೆ, ಯಾರ ಕಣ್ಣಿಗೂ ಬೀಳದ ಹಾಗೆ, ಆರು ತಿಂಗಳಿಂದ ಒಂದು ವರ್ಷದವರೆಗೆ.

ಒಳಗೆ ನಡೆಯುವುದು ಹೀಗೆ. ಎರಡು ಕಶೇರುಗಳ ನಡುವಿನ ಡಿಸ್ಕ್ ಸವೆದಿರುತ್ತದೆ, ಅಥವಾ ಒಂದು ಕಶೇರು ಕೆಳಗಿನದರ ಮೇಲಿಂದ ಮುಂದಕ್ಕೆ ಜಾರಿರುತ್ತದೆ. ನಡುವೆ ನರ ಸಿಕ್ಕಿಕೊಂಡು ಕಾಲಿನ ಉದ್ದಕ್ಕೂ ಸೆಳೆತ. ನರಕ್ಕೆ ಜಾಗ ಮಾಡಿ, ಡಿಸ್ಕ್ ಇದ್ದಲ್ಲಿ ‘ಕೇಜ್’ ಎಂಬ ಸಣ್ಣ ಗೂಡನ್ನು ಕೂರಿಸಿ, ಅದರೊಳಗೆ ಮೂಳೆಯ ಚೂರು ತುಂಬುತ್ತಾರೆ. ಆ ಚೂರು ಹೆಚ್ಚಾಗಿ ರೋಗಿಯದೇ: ಸೊಂಟದ ಮೂಳೆಯಿಂದ ಕೆತ್ತಿದ್ದು, ಇಲ್ಲವೇ ನರದ ದಾರಿ ಬಿಡಿಸುವಾಗ ಬೆನ್ನಿನಿಂದಲೇ ತೆಗೆದದ್ದು. (ದಧೀಚಿ ತನ್ನ ಮೂಳೆಯನ್ನು ಇಂದ್ರನಿಗೆ ಕೊಟ್ಟ, ಇಲ್ಲಿ ದಾನಿಯೂ ತಾನೇ, ದಾನ ಪಡೆಯುವವನೂ ತಾನೇ. ಸೊಂಟದಿಂದ ಕೆತ್ತಿಸಿಕೊಂಡವರಲ್ಲಿ ಕೆಲವರು ಬೆನ್ನಿಗಿಂತ ಸೊಂಟವೇ ಹೆಚ್ಚು ನೋಯುತ್ತದೆ ಎನ್ನುವುದುಂಟು.) ಒಂದು ಮಟ್ಟದ ಬೆಸುಗೆಗೆ ಸಾಮಾನ್ಯವಾಗಿ ನಾಲ್ಕು ಸ್ಕ್ರೂ, ಎರಡು ರಾಡ್. ಇವು ತಾರಸಿ ಹಾಕುವಾಗ ನಿಲ್ಲಿಸುವ ಸೆಂಟ್ರಿಂಗ್ ಕಂಬಗಳಿದ್ದ ಹಾಗೆ. ಕಾಂಕ್ರೀಟು ಗಟ್ಟಿಯಾಗುವವರೆಗೆ ಭಾರ ಹೊರುವುದಷ್ಟೇ ಅವುಗಳ ಕೆಲಸ. ಒಂದೇ ವ್ಯತ್ಯಾಸ, ಬೆನ್ನಿನ ಕಂಬಗಳನ್ನು ಆಮೇಲೆ ಬಿಚ್ಚುವ ಗೋಜಿಗೆ ಸಾಮಾನ್ಯವಾಗಿ ಯಾರೂ ಹೋಗುವುದಿಲ್ಲ.

ಲೋಹಕ್ಕೂ ಆಯಾಸವಾಗುತ್ತದೆ. ದಿನವೂ ಸಾವಿರಾರು ಸಲ ಸೂಕ್ಷ್ಮವಾಗಿ ಬಾಗಿ ನೆಟ್ಟಗಾಗುವ ರಾಡ್, ಪಕ್ಕದಲ್ಲಿ ಮೂಳೆ ಬೆಳೆದು ಭಾರ ಹಂಚಿಕೊಳ್ಳದಿದ್ದರೆ, ಒಂದು ದಿನ ಮುರಿಯುತ್ತದೆ ಅಥವಾ ಸ್ಕ್ರೂ ಸಡಿಲಾಗುತ್ತದೆ. ಫ್ಯೂಷನ್ ಅಂದರೆ ಮೂಳೆಗೂ ಲೋಹಕ್ಕೂ ನಡುವಿನ ಓಟದ ಪಂದ್ಯ ಎಂದು ಬೆನ್ನಿನ ಸರ್ಜನ್ನರು ತಮ್ಮತಮ್ಮಲ್ಲಿ ಹೇಳಿಕೊಳ್ಳುವುದುಂಟು. ಆ ಪಂದ್ಯ ನಡೆಯುವಷ್ಟು ದಿನವೂ ಚೇತರಿಕೆಯ ದಿನಗಳೇ.

ಬೆಸೆಯುವುದು ದೇಹಕ್ಕೆ ಹೊಸ ವಿದ್ಯೆಯೇನೂ ಅಲ್ಲ. ಬೆನ್ನಿನ ಬುಡದಲ್ಲಿರುವ ತ್ರಿಕಾಸ್ಥಿಯನ್ನೇ ನೋಡಿ. ಮಗುವಿನಲ್ಲಿ ಅದು ಐದು ಬಿಡಿ ಕಶೇರುಗಳು. ಹದಿಹರೆಯದಲ್ಲಿ ಒಂದಕ್ಕೊಂದು ಕೂಡತೊಡಗಿ, ಸುಮಾರು 25ರ ವಯಸ್ಸಿನ ಹೊತ್ತಿಗೆ ಒಂದೇ ಮೂಳೆಯಾಗುತ್ತವೆ. ಯಾರ ಅಪ್ಪಣೆಯೂ ಇಲ್ಲದೆ, ಎಲ್ಲರ ಮೈಯಲ್ಲೂ, ಸರಿಸುಮಾರು ಹತ್ತು ವರ್ಷ ತೆಗೆದುಕೊಂಡು ನಡೆಯುವ ಕೆಲಸ ಇದು. ಅಂಥದ್ದೇ ಕೆಲಸವನ್ನು ಐವತ್ತು ದಾಟಿದ, ಸಕ್ಕರೆ ಕಾಯಿಲೆಯೂ ಇರುವ ಬೆನ್ನು ಒಂದು ವರ್ಷದಲ್ಲಿ ಮುಗಿಸಿಕೊಟ್ಟರೆ ಅದನ್ನು ನಿಧಾನ ಎನ್ನುವುದು ಹೇಗೆ?

ಈ ಚಿಕಿತ್ಸೆ ಹುಟ್ಟಿದ್ದು ಬೆನ್ನುನೋವಿಗಾಗಿ ಅಲ್ಲ, ಕ್ಷಯಕ್ಕಾಗಿ. 1911ರಲ್ಲಿ ನ್ಯೂಯಾರ್ಕಿನ ಇಬ್ಬರು ವೈದ್ಯರು, ರಸೆಲ್ ಹಿಬ್ಸ್ ಮತ್ತು ಫ್ರೆಡ್ ಆಲ್ಬಿ, ಬೇರೆಬೇರೆಯಾಗಿ ಇದನ್ನು ಪ್ರಕಟಿಸಿದರು. ಬೆನ್ನುಮೂಳೆಯ ಕ್ಷಯದಲ್ಲಿ ಕಶೇರುಗಳು ಕರಗಿ ಗೂನು ಬರುತ್ತಿತ್ತು, ಕಾಲು ಬಿದ್ದುಹೋಗುತ್ತಿತ್ತು. ಸ್ಟ್ರೆಪ್ಟೊಮೈಸಿನ್ ಬರಲು ಇನ್ನೂ ಮೂರು ದಶಕ ಬಾಕಿ. ಮದ್ದಿಲ್ಲದ ಕಾಲದಲ್ಲಿ ಉಳಿದ ಉಪಾಯ ಒಂದೇ: ಕೆಟ್ಟ ಜಾಗ ಅಲುಗಾಡದ ಹಾಗೆ ಮಾಡುವುದು. ಆಲ್ಬಿ ಮೊಣಕಾಲ ಕೆಳಗಿನ ಮೂಳೆಯಿಂದ ಪಟ್ಟಿ ತೆಗೆದು ಬೆನ್ನಿಗೆ ಕೂರಿಸಿದರು; ಹಿಬ್ಸ್ ಬೆನ್ನಿನ ಮೂಳೆಯ ಚೂರುಗಳನ್ನೇ ಒಂದರ ಮೇಲೊಂದು ಮಡಿಸಿದರು. ಸ್ಕ್ರೂ ಇಲ್ಲ, ರಾಡ್ ಇಲ್ಲ. ಹಿಡಿದಿಡಬೇಕಾದ್ದು ಹಾಸಿಗೆ ಮತ್ತು ಪ್ಲಾಸ್ಟರು ಮಾತ್ರ, ತಿಂಗಳುಗಟ್ಟಲೆ. ಪೋಲಿಯೋದಿಂದ ಬೆನ್ನು ಸೊಟ್ಟಗಾದ ಮಕ್ಕಳಿಗಾಗಿ ಹ್ಯೂಸ್ಟನ್ನಿನ ಪಾಲ್ ಹ್ಯಾರಿಂಗ್ಟನ್ ರೂಪಿಸಿದ ರಾಡ್ ಮುಂದೆ ಬಂತು, ಫ್ರಾನ್ಸಿನ ರೇಮಂಡ್ ರುವಾ-ಕಮೀಯ್ ಕಶೇರುವಿನ ಒಳಕ್ಕೇ ಸ್ಕ್ರೂ ಇಳಿಸುವ ದಾರಿ ತೋರಿಸಿದರು, ಈಗ ಆಪರೇಷನ್ ಆದ ಮರುದಿನವೇ ರೋಗಿಯನ್ನು ಎಬ್ಬಿಸಿ ನಡೆಸುತ್ತಾರೆ. ದೊಡ್ಡ ಪ್ರಗತಿ, ಅನುಮಾನವಿಲ್ಲ. ರಕ್ತ ಹೆಪ್ಪುಗಟ್ಟುವುದು, ಹಾಸಿಗೆ ಹುಣ್ಣು, ನ್ಯುಮೋನಿಯಾ ಎಲ್ಲ ಕಡಿಮೆಯಾದವು. ಆದರೆ ಲೋಹ ಬಂದದ್ದರಿಂದ ಕಡಿಮೆಯಾದದ್ದು ಹಾಸಿಗೆಯ ಕಾಲ, ಮೂಳೆಯ ಕಾಲವಲ್ಲ. ಮೂಳೆಗೆ 1911ರಲ್ಲಿ ಎಷ್ಟು ತಿಂಗಳು ಬೇಕಿತ್ತೋ ಇಂದಿಗೂ ಹೆಚ್ಚುಕಡಿಮೆ ಅಷ್ಟೇ ಬೇಕು. ಅಂದು ಪ್ಲಾಸ್ಟರಿನಲ್ಲಿ ಮಲಗಿದವನನ್ನು ನೋಡಿದರೆ ಇನ್ನೂ ಗುಣವಾಗಿಲ್ಲ ಎಂದು ಯಾರಿಗಾದರೂ ತಿಳಿಯುತ್ತಿತ್ತು. ಇಂದು ನಡೆದಾಡುವವನನ್ನು ನೋಡಿ ಎಲ್ಲ ಮುಗಿಯಿತು ಅಂದುಕೊಳ್ಳುತ್ತೇವೆ.

ಈ ಚೇತರಿಕೆಯ ಚರಿತ್ರೆಯಲ್ಲಿ ಅತ್ಯಂತ ಪ್ರಸಿದ್ಧ ರೋಗಿ ಜಾನ್ ಎಫ್. ಕೆನಡಿ. 1954ರ ಅಕ್ಟೋಬರ್ 21ರಂದು ನ್ಯೂಯಾರ್ಕಿನಲ್ಲಿ ಅವರ ಸೊಂಟದ ಭಾಗವನ್ನು ಲೋಹದ ತಗಡಿಟ್ಟು ಬೆಸೆದರು. ಆಗ ಅವರಿಗೆ 37 ವರ್ಷ, ಸೆನೆಟರ್. ಅಡ್ರಿನಲ್ ಗ್ರಂಥಿ ಸರಿಯಾಗಿ ಕೆಲಸ ಮಾಡದ ಆಡಿಸನ್ ಕಾಯಿಲೆ ಇದ್ದುದರಿಂದ ಇದು ಅಪಾಯ ಎಂದು ಬೇರೆ ವೈದ್ಯರು ಮೊದಲೇ ಎಚ್ಚರಿಸಿದ್ದರು. ಕೆಲವೇ ದಿನಗಳಲ್ಲಿ ಸೋಂಕು ತಗುಲಿ ಕೋಮಾಕ್ಕೆ ಹೋದರು. ಪಾದ್ರಿಯನ್ನು ಕರೆಸಿ ಕೊನೆಯ ವಿಧಿಯನ್ನೂ ಮಾಡಿಸಿದರು. ಬದುಕಿದರು, ಗಾಯ ಮಾತ್ರ ಮಾಯಲಿಲ್ಲ. ಡಿಸೆಂಬರಿನಲ್ಲಿ ಸ್ಟ್ರೆಚರಿನ ಮೇಲೆಯೇ ಫ್ಲಾರಿಡಾದ ಪಾಮ್ ಬೀಚಿನ ತಂದೆಯ ಮನೆಗೆ ಹೋದರು. ಫೆಬ್ರವರಿಯಲ್ಲಿ ಮತ್ತೆ ಕೊಯ್ದು ಆ ತಗಡನ್ನೇ ತೆಗೆಯಬೇಕಾಯಿತು. ಸೆನೆಟ್ಟಿಗೆ ಮರಳಿದ್ದು 1955ರ ಮೇ ತಿಂಗಳಲ್ಲಿ. ಮಲಗಿದ್ದ ಆ ದಿನಗಳ ಫಲವೇ ‘ಪ್ರೊಫೈಲ್ಸ್ ಇನ್ ಕರೇಜ್’ ಪುಸ್ತಕ. ಅದರ ಬರವಣಿಗೆಯಲ್ಲಿ ಸಹಾಯಕ ಟೆಡ್ ಸೋರೆನ್ಸನ್ ಅವರ ಪಾಲು ದೊಡ್ಡದು ಎಂಬುದು ಈಗ ಗುಟ್ಟಲ್ಲ. 1957ರ ಪುಲಿಟ್ಜರ್ ಮಾತ್ರ ಕೆನಡಿಗೆ ಬಂತು. 1955ರಲ್ಲೇ ಒಂದು ವೈದ್ಯಕೀಯ ಪತ್ರಿಕೆಯಲ್ಲಿ ಹೆಸರಿಲ್ಲದ 37 ವರ್ಷದ ರೋಗಿಯೊಬ್ಬನ ವರದಿ ಅಚ್ಚಾಯಿತು. ಅದು ಕೆನಡಿಯದೇ ಎಂದು ಜಗತ್ತಿಗೆ ಗೊತ್ತಾದದ್ದು ಎಷ್ಟೋ ವರ್ಷಗಳ ಮೇಲೆ.

ಈ ಕಥೆಯನ್ನು ಧೈರ್ಯದ ಪಾಠವಾಗಿ ಹೇಳುವವರೇ ಹೆಚ್ಚು. ನನಗೆ ಅದರಲ್ಲಿ ಕಾಣುವುದು ಬಿಡುವು. ಏಳು ತಿಂಗಳು ಕಾಯುವ ಕುರ್ಚಿ, ಸಮುದ್ರದ ದಡದ ಮನೆ, ಗಾಯ ನೋಡಲು ಜನ, ಬರೆದುಕೊಳ್ಳಲು ಜನ. ಪೀಣ್ಯದ ಗಾರ್ಮೆಂಟ್ಸಿನಲ್ಲಿ ಹೊಲಿಗೆ ಯಂತ್ರದ ಮುಂದೆ ಕೂರುವ ಹೆಣ್ಣುಮಗಳಿಗೆ ಏನಿದೆ? ಇಎಸ್‌ಐ ಇದ್ದರೆ ಕಾಯಿಲೆಯ ರಜೆಗೆ ಕೂಲಿಯ ಶೇಕಡ 70, ವರ್ಷಕ್ಕೆ 91 ದಿನ. ಪಟ್ಟಿಯಲ್ಲಿರುವ ಕೆಲವು ದೀರ್ಘ ಕಾಯಿಲೆಗಳಿಗೆ ಇನ್ನೂ ಹೆಚ್ಚು ಕಾಲ ಸಿಗುತ್ತದೆ, ಕೇಳಿ ಪಡೆಯಬೇಕು. ಆಯುಷ್ಮಾನ್ ಯೋಜನೆಯ ಪ್ಯಾಕೇಜು ಡಿಸ್ಚಾರ್ಜ್ ಆದ ಮೇಲಿನ 15 ದಿನಕ್ಕೆ ನಿಲ್ಲುತ್ತದೆ. ಆಟೋ ಓಡಿಸುವವನಿಗೆ, ಅಡಿಕೆ ಮರ ಹತ್ತುವ ಕೊನೆಗಾರನಿಗೆ ಆ 91 ದಿನವೂ ಇಲ್ಲ. ನಮ್ಮ ವ್ಯವಸ್ಥೆ ಆಪರೇಷನ್ನಿಗೆ ಹಣ ಕೊಡುತ್ತದೆ, ಬೆಸುಗೆಗೆ ಕೊಡುವುದಿಲ್ಲ.

ಮನೆಯೊಳಗೂ ಇದೇ ಕಥೆ. ನಮ್ಮ ಸಂಸಾರಗಳಿಗೆ ಚೇತರಿಕೆ ಎಂದರೆ ಗೊತ್ತಿಲ್ಲವೇ? ಚೆನ್ನಾಗಿ ಗೊತ್ತು. ಬಾಣಂತನಕ್ಕೆ ಬೇರೆ ಕೋಣೆ, ಎಣ್ಣೆ-ನೀರು, ಪಥ್ಯ, ತವರಿನ ಮೂರು ತಿಂಗಳು, ಯಾವ ಕೆಲಸ ಮುಟ್ಟಬಾರದು ಎಂಬ ಕಟ್ಟಳೆ, ಎಲ್ಲ ಇವೆ. ಬಾಣಂತಿ ಕೊಡ ಎತ್ತಿದರೆ ಬೈಯಲು ಅಜ್ಜಿಯೊಬ್ಬಳು ಕೂತೇ ಇರುತ್ತಾಳೆ. ಬೆನ್ನು ಬೆಸೆಸಿಕೊಂಡವಳಿಗೆ ಆ ಅಜ್ಜಿ ಇಲ್ಲ. ಡಾಕ್ಟರು ಬರೆದುಕೊಟ್ಟ ಮೂರು ನಿಷೇಧಗಳಿವೆ: ಬಗ್ಗಬೇಡಿ, ಭಾರ ಎತ್ತಬೇಡಿ, ಸೊಂಟ ತಿರುಚಬೇಡಿ. ನಮ್ಮ ಮನೆಗಳಾದರೋ ಬಗ್ಗುವುದರ ಮೇಲೆಯೇ ನಿಂತಿವೆ. ರಂಗೋಲಿ ನೆಲದಲ್ಲಿ, ಈಳಿಗೆಮಣೆ ನೆಲದಲ್ಲಿ, ಬಚ್ಚಲಿನ ಬಕೆಟ್ಟು ನೆಲದಲ್ಲಿ, ಪಾಯಿಖಾನೆಯಂತೂ ನೆಲದಲ್ಲೇ. ಹಿರಿಯರಿಗೆ ನಮಸ್ಕಾರ ಮಾಡಬೇಕೆಂದರೂ ಬಗ್ಗಬೇಕು. ಅಡಿಗೆ ಗ್ಯಾಸಿನ ಸಿಲಿಂಡರಿನಲ್ಲಿ ಅನಿಲವೊಂದೇ 14.2 ಕಿಲೋ.

ನಮ್ಮ ಅತ್ತಿಗೆ ಇದನ್ನೆಲ್ಲ ದಾಟಿದವರು. ಹಾಸಿಗೆಯಿಂದ ಏಳುವುದನ್ನು ಫಿಸಿಯೋಥೆರಪಿಯ ಹುಡುಗಿ ಅವರಿಗೆ ಹೊಸದಾಗಿ ಕಲಿಸಿದಳು. ಮೊದಲು ಎರಡೂ ಮೊಣಕಾಲು ಮಡಚಬೇಕು, ಹೆಗಲು ಸೊಂಟ ಒಟ್ಟಿಗೇ ಮಗ್ಗುಲಾಗಬೇಕು, ಕಾಲು ಮಂಚದಿಂದ ಕೆಳಗೆ ಇಳಿಯುತ್ತಿದ್ದ ಹಾಗೆಯೇ ಮೊಣಕೈ ಊರಿ ಮೈಯನ್ನು ಮೇಲೆ ನೂಕಬೇಕು. ನಡುವೆ ಎಲ್ಲೂ ಸೊಂಟ ಹಿಂಡಬಾರದು. ಅಡಿಗೆಮನೆಯಲ್ಲಿ ಚಮಚ ಬಿದ್ದರೆ ಅದನ್ನು ಕಾಲಲ್ಲಿ ಮೆಲ್ಲಗೆ ಗೋಡೆಯ ಬುಡಕ್ಕೆ ಸರಿಸಿಡುತ್ತಿದ್ದರು. ಸಂಜೆ ಮಗ ಶಾಲೆಯಿಂದ ಬರುವ ಹೊತ್ತಿಗೆ ಅಲ್ಲಿ ಎರಡು ಚಮಚ, ಒಂದು ಟವೆಲು, ಬಟಾಣಿ ಸಿಪ್ಪೆ, ಆ ದಿನದ ಪೇಪರಿನ ಒಂದು ಹಾಳೆ ಸೇರಿರುತ್ತಿದ್ದವು. ನೋಡಲು ಬಂದ ದೊಡ್ಡಮ್ಮ, ‘ಎರಡು ತಿಂಗಳಾಯ್ತಲ್ಲೇ, ಇನ್ನೂ ಬೆಲ್ಟ್ ಕಟ್ಕೊಂಡೇ ಇದೀಯಾ?’ ಅಂದರು. ‘ಮೂಳೆಗೆ ಅವಸರ ಇಲ್ವಂತೆ ದೊಡ್ಡಮ್ಮ, ನಮಗೆ ಮಾತ್ರ’ ಎಂದು ಅತ್ತಿಗೆ ನಕ್ಕರು. ಬಂದವರೆಲ್ಲ ಗಾಯ ನೋಡಲು ಕೇಳುತ್ತಿದ್ದರು. ಗಾಯ ಎಂದೋ ಮಾಗಿತ್ತು. ರಾತ್ರಿ ಪಾದದಲ್ಲಿ ಇರುವೆ ಹರಿದ ಹಾಗಾಗುವುದು, ಹೆಬ್ಬೆರಳಿನ ಜೋಮು, ಇವನ್ನು ಕೇಳಿದವರು ಕಡಿಮೆ. ವರ್ಷಗಟ್ಟಲೆ ಒತ್ತಿಹೋದ ನರ ತಿಂಗಳುಗಟ್ಟಲೆ ಹೀಗೆ ಚುರುಗುಟ್ಟುವುದುಂಟು, ಕೆಲವರಿಗೆ ಜೋಮು ಪೂರ್ತಿ ಹೋಗುವುದೂ ಇಲ್ಲ.

ಒಂದು ಸಂಗತಿಯನ್ನು ಒತ್ತಿ ಹೇಳಬೇಕು. ನಿಕೋಟಿನ್ ಸಣ್ಣ ರಕ್ತನಾಳಗಳನ್ನು ಬಿಗಿಸುತ್ತದೆ, ಹೊಸ ಮೂಳೆಗೆ ರಕ್ತ ಸಾಲದಾಗುತ್ತದೆ. ಧೂಮಪಾನಿಗಳಲ್ಲಿ ಬೆಸುಗೆ ಕೂಡದಿರುವುದು ಹೆಚ್ಚು ಎಂಬುದು ಮತ್ತೆಮತ್ತೆ ಕಂಡುಬಂದಿದೆ. ನಮ್ಮಲ್ಲಿ ‘ನಾನು ಸಿಗರೇಟು ಸೇದಲ್ಲ’ ಅನ್ನುವವರ ಕವಳದಲ್ಲಿ ಹೊಗೆಸೊಪ್ಪು ಇರುತ್ತದೆ, ಕಿಸೆಯಲ್ಲಿ ಗುಟ್ಕಾ ಚೀಟಿ ಇರುತ್ತದೆ. ಹೊಗೆ ಇಲ್ಲದಿದ್ದರೂ ನಿಕೋಟಿನ್ ಇದೆಯಲ್ಲ. ಡಾಕ್ಟರು ಕೇಳುವುದು ‘ಸ್ಮೋಕ್ ಮಾಡ್ತೀರಾ’ ಎಂದು. ಹೊಗೆಸೊಪ್ಪಿನ ವಿಷಯ ರೋಗಿಯೇ ಬಾಯಿಬಿಟ್ಟು ಹೇಳಬೇಕು. ನೋವಿನ ಮಾತ್ರೆಯೂ ಹಾಗೆಯೇ. ಡೈಕ್ಲೊಫೆನಾಕ್ ಜಾತಿಯವು ಮೂಳೆ ಕೂಡುವುದಕ್ಕೆ ಅಡ್ಡಿ ಎಂದು ಮೊದಲ ತಿಂಗಳುಗಳಲ್ಲಿ ಬೇಡ ಅನ್ನುವ ಸರ್ಜನ್ನರಿದ್ದಾರೆ. ಮೆಡಿಕಲ್ ಶಾಪಿನವನನ್ನು ಕೇಳಿ ನುಂಗುವ ಮುಂಚೆ ಅವರನ್ನು ಕೇಳಿ.

ಎಲ್ಲ ಬೆನ್ನುನೋವಿಗೂ ಬೆಸುಗೆ ಬೇಕೇ ಎಂಬುದು ಬೇರೆ ಪ್ರಶ್ನೆ. ಬರೀ ಡಿಸ್ಕ್ ಸವೆತದ ದೀರ್ಘ ನೋವಿಗೆ 2001ರ ಸ್ವೀಡನ್ನಿನ ಅಧ್ಯಯನ ಫ್ಯೂಷನ್ನಿನ ಪರವಾಗಿ ಬಂತು. 2003ರ ನಾರ್ವೆಯ ಮತ್ತು 2005ರ ಬ್ರಿಟನ್ನಿನ ಅಧ್ಯಯನಗಳಲ್ಲಿ, ಮಾರ್ಗದರ್ಶನದಲ್ಲಿ ಶಿಸ್ತಾಗಿ ವ್ಯಾಯಾಮ ಮಾಡಿದವರಿಗೂ ಆಪರೇಷನ್ ಆದವರಿಗೂ ದೊಡ್ಡ ಅಂತರವೇನೂ ಕಾಣಲಿಲ್ಲ. ಜಾರಿದ ಕಶೇರು, ಮುರಿತ, ಸೋಂಕು ಇವುಗಳ ಮಾತು ಬೇರೆ.

ಈಗ ಆಸ್ಪತ್ರೆಯ ಕಾಯುವ ಕೋಣೆಗಳಲ್ಲಿ ಕೇಳಿಬರುವ ಉದಾಹರಣೆ ಟೈಗರ್ ವುಡ್ಸ್. 2017ರ ಏಪ್ರಿಲ್‌ನಲ್ಲಿ ಬೆನ್ನಿನ ಕೊನೆಯ ಕಶೇರುವನ್ನು ತ್ರಿಕಾಸ್ಥಿಗೆ ಬೆಸೆಸಿಕೊಂಡು, 2019ರ ಏಪ್ರಿಲ್‌ನಲ್ಲಿ 43ನೆಯ ವಯಸ್ಸಿಗೆ ಮಾಸ್ಟರ್ಸ್ ಗೆದ್ದವರು. ನಿಜ. ಆದರೆ ಆ ಎರಡು ದಿನಾಂಕಗಳ ನಡುವೆ ಎರಡು ವರ್ಷ ಇವೆ, ಮತ್ತು ಮೊದಲ ತಿಂಗಳುಗಳಲ್ಲಿ ಜಗತ್ತಿನ ಶ್ರೇಷ್ಠ ಗಾಲ್ಫರ್ ಪೂರ್ತಿ ಬೀಸಿ ಒಂದು ಚೆಂಡನ್ನೂ ಹೊಡೆಯಲಿಲ್ಲ. ಕಥೆಯ ಮುಂದಿನ ಭಾಗವನ್ನು ಯಾರೂ ಹೇಳುವುದಿಲ್ಲ: 2025ರ ಅಕ್ಟೋಬರಿನಲ್ಲಿ ಅವರು ಇನ್ನೊಂದು ಡಿಸ್ಕನ್ನು ಬದಲಾಯಿಸಿಕೊಂಡರು, ಬೆಸೆದ ಜಾಗದ ನೇರ ಮೇಲಿನದು. ಅದಕ್ಕೆ ಬೆಸುಗೆಯೇ ಕಾರಣ ಎಂದು ದೂರ ಕೂತು ತೀರ್ಪು ಕೊಡುವ ಹಾಗಿಲ್ಲ. ಆದರೆ ಒಂದು ಕೀಲು ಬಾಗುವುದನ್ನು ಬಿಟ್ಟರೆ ಅದರ ಪಾಲಿನ ಬಾಗು ಪಕ್ಕದ ಕೀಲಿನ ಮೇಲೆ ಬೀಳುತ್ತದೆ ಎಂಬುದು ಸರ್ಜನ್ನರಿಗೆ ಗೊತ್ತಿರುವ ವಿಚಾರ. ಬೆಸುಗೆ ಕೂಡಿದ ಮೇಲೂ ನಡಿಗೆ, ಹೊಟ್ಟೆ-ಬೆನ್ನಿನ ಸ್ನಾಯುಗಳ ವ್ಯಾಯಾಮ ನಿಲ್ಲಿಸಬೇಡಿ ಎನ್ನುವುದು ಅದಕ್ಕೇ.

ನಿಮ್ಮ ಮನೆಯಲ್ಲಿ ಈ ಆಪರೇಷನ್ ಆದವರಿದ್ದರೆ ಒಂದು ಕೋರಿಕೆ. ನೋವು ಹೋಯಿತೆಂದು ವರ್ಷದ ಎಕ್ಸ್-ರೇ ತಪ್ಪಿಸುವವರು ಬಹಳ. ನೋವಿಲ್ಲದೆಯೂ ಬೆಸುಗೆ ಕೂಡದೆ ಉಳಿಯಬಹುದು. ಆ ತಪಾಸಣೆಗೆ ತಪ್ಪದೆ ಹೋಗಿ, ಹೋಗುವಾಗ ಆಪರೇಷನ್ ಆದಾಗಿನಿಂದ ತೆಗೆಸಿದ ಎಲ್ಲ ಫಿಲ್ಮುಗಳನ್ನೂ ಜೊತೆಗೆ ಒಯ್ಯಿರಿ. ಸ್ಕ್ರೂ ಸಡಿಲಾಗಿದೆಯೇ, ಮೂಳೆ ಕೂಡಿದೆಯೇ ಎಂಬುದು ಹಳೆಯದನ್ನೂ ಹೊಸದನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದಾಗಲೇ ಡಾಕ್ಟರಿಗೆ ತಿಳಿಯುವುದು.