ಹವ್ಯಾಸದ ಚೂರಿಗೆ ಬೆಲೆ ಕಟ್ಟುವುದು ಹೇಗೆ?

ಬಿಡುವಿನ ವೇಳೆಯಲ್ಲಿ ಕೈಯಾರೆ ಚೂರಿ ಮಾಡುವವರು ಮೊದಲ ನಾಲ್ಕಾರು ಚೂರಿಗಳನ್ನು ಬಂಧುಮಿತ್ರರಿಗೆ ಹಂಚಿಬಿಡುತ್ತಾರೆ. ಅನಂತರ ಯಾರಾದರೊಬ್ಬರು ಬೆಲೆ ಕೇಳುತ್ತಾರೆ. ಮಾಡಿದವನು ಸಂಕೋಚದಿಂದ, “ಸಾಮಾನಿನ ದುಡ್ಡು ಕೊಟ್ಟರೆ ಸಾಕು” ಎನ್ನುತ್ತಾನೆ. ಈ ಮಾತು ಔದಾರ್ಯದಂತೆ ತೋರಿದರೂ ಲೆಕ್ಕದಲ್ಲಿ ತಪ್ಪು. ನ್ಯಾಯದಲ್ಲಿಯೂ ತಪ್ಪೆಂಬುದು ನಮ್ಮ ಅಭಿಪ್ರಾಯ.

ಮೊದಲು ಉಕ್ಕಿನ ವಿಚಾರ. ಇಂಗಾಲವು ನೂರಕ್ಕೆ 0.2 ರಷ್ಟು ಮಾತ್ರವಿರುವ ಮೆದು ಉಕ್ಕನ್ನು ಎಷ್ಟೇ ಕಾಯಿಸಿ ಅದ್ದಿದರೂ ಅಲಗಿಗೆ ತಕ್ಕ ಕಾಠಿನ್ಯ ಬಾರದು. ಹಿಂದೆ ಮೈಸೂರು ಸೀಮೆಯಲ್ಲಿ ಕಬ್ಬಿಣವನ್ನು ತಂಗಡಿ ಕಟ್ಟಿಗೆಯೊಡನೆ ಮೂಸೆಯಲ್ಲಿಟ್ಟು ಕಾಯಿಸಿ ಉಕ್ಕು ಮಾಡುತ್ತಿದ್ದುದನ್ನು ಬುಕನನ್ನನು ತನ್ನ 1800-01 ರ ಪ್ರವಾಸದ ವರದಿಯಲ್ಲಿ ವಿವರಿಸಿದ್ದಾನೆ. ಆ ಕಟ್ಟಿಗೆಯೇ ಇಂಗಾಲದ ಮೂಲ. ಇಂದಿನ ಹವ್ಯಾಸಿಯಾದರೋ ಗುಜರಿ ಅಂಗಡಿಯಿಂದ ಲಾರಿಯ ಹಳೆಯ ಸ್ಪ್ರಿಂಗ್ ಪಟ್ಟಿಯನ್ನು ತರುತ್ತಾನೆ. ಅದರಲ್ಲಿ ಸಾಮಾನ್ಯವಾಗಿ 0.5 ರಿಂದ 0.6 ರಷ್ಟು ಇಂಗಾಲವಿರುವುದರಿಂದ ಮಚ್ಚು, ಕುಡುಗೋಲುಗಳಿಗೆ ಅದು ಒಳ್ಳೆಯದೇ. ಆದರೆ ವರ್ಷಗಟ್ಟಲೆ ಬಳುಕಿ ದಣಿದ ಪಟ್ಟಿಯಲ್ಲಿ ಕಣ್ಣಿಗೆ ಕಾಣದ ಬಿರುಕುಗಳಿರಬಹುದು. ನಮ್ಮದೊಂದು ಅಲಗು ಎರಡು ದಿನ ಅರದಿಂದ ಉಜ್ಜಿಸಿಕೊಂಡು, ಎಣ್ಣೆಯಲ್ಲಿ ಅದ್ದಿದ ಕ್ಷಣ ‘ಟಿಣ್’ ಎಂದು ಸೀಳಿತು. ಅಗ್ಗದ ಉಕ್ಕು ನಮಗೆ ಎರಡು ದಿನಗಳಷ್ಟು ದುಬಾರಿಯಾಯಿತು!

ಆದುದರಿಂದ ಕಲಿಯುವವರು ಗೊತ್ತಿರುವ ಉಕ್ಕನ್ನೇ ಕೊಳ್ಳುವುದು ಮೇಲು. 1084 ಎಂಬ ಉಕ್ಕಿನ ಕೊನೆಯ ಎರಡು ಅಂಕಿಗಳು ಇಂಗಾಲವು ಸುಮಾರು 0.84 ರಷ್ಟಿದೆಯೆಂದು ಸೂಚಿಸುತ್ತವೆ. ಸುಮಾರು 770 ಡಿಗ್ರಿ ಸೆಂಟಿಗ್ರೇಡಿನಲ್ಲಿ ಅದು ಅಯಸ್ಕಾಂತಕ್ಕೆ ಅಂಟುವುದನ್ನು ನಿಲ್ಲಿಸುತ್ತದೆ. ಅದಕ್ಕಿಂತ ತುಸು ಹೆಚ್ಚು ಕಾಯಿಸಿ ಬೆಚ್ಚನೆಯ ಎಣ್ಣೆಯಲ್ಲಿ ಅದ್ದಬೇಕು. ಆಗ ಅಲಗು ಗಾಜಿನಂತೆ ಪೆಡಸು. ಒಲೆಪೆಟ್ಟಿಗೆಯಲ್ಲಿ 200 ಡಿಗ್ರಿಗಳಷ್ಟು ಶಾಖದಲ್ಲಿ ಎರಡು ಗಂಟೆ ಇಟ್ಟರೆ ಹದಕ್ಕೆ ಬರುತ್ತದೆ. ತುಕ್ಕು ಹಿಡಿಯದ 440ಸಿ ಉಕ್ಕಿಗೆ 1000 ಡಿಗ್ರಿಗೂ ಮೀರಿದ, ಅಳೆದ ಶಾಖ ಬೇಕು. ಮನೆಯ ಕುಲುಮೆಗೆ ಅದು ತಕ್ಕುದಲ್ಲ.

ಇನ್ನು ಬೆಲೆ. ಉಕ್ಕು, ಹಿಡಿಯ ಮರ, ಮೊಳೆ, ಅಂಟು ಸೇರಿ 600 ರೂಪಾಯಿ ಎನ್ನೋಣ. ಇದ್ದಲು, ಎಣ್ಣೆ, ಉಜ್ಜುಕಾಗದಗಳಿಗೆ 300. ಹತ್ತು ಗಂಟೆಯ ಕೆಲಸಕ್ಕೆ ಗಂಟೆಗೆ 100 ರಂತೆ 1000. ಒಟ್ಟು 1900 ಆಯಿತು. ಐದರಲ್ಲಿ ಒಂದು ಕೊನೆಯ ಹಂತದಲ್ಲಿ ಹಾಳಾಗುವುದಾದರೆ, ಐದರ ವೆಚ್ಚವಾದ 9500 ನ್ನು ನಾಲ್ಕು ಚೂರಿಗಳೇ ಹೊರಬೇಕು: ಒಂದಕ್ಕೆ 2375. ಸಾಮಾನಿನ ದುಡ್ಡು ಇದರ ಕಾಲುಭಾಗಕ್ಕಿಂತ ಸ್ವಲ್ಪ ಮಾತ್ರ ಹೆಚ್ಚು.

600 ಕ್ಕೆ ಕೊಂಡವನು ಚೂರಿಯ ಬೆಲೆಯೇ 600 ಎಂದು ತಿಳಿಯುತ್ತಾನೆ. ಮರುದಿನ ಕಮ್ಮಾರನ ಮುಂದೆ ನಿಂತು ಅದೇ ಬೆಲೆಗೆ ಕೇಳುತ್ತಾನೆ. ಹವ್ಯಾಸಿಯ ಊಟ ಬೇರೆಡೆಯಿಂದ ಬರುತ್ತದೆ. ಕಮ್ಮಾರನ ಊಟ ಆ ಕುಲುಮೆಯಿಂದಲೇ ಬರಬೇಕು. ಈ ಒಂದು ಕಾರಣವೇ ನಮಗೆ ಉಳಿದೆಲ್ಲಕ್ಕಿಂತ ದೊಡ್ಡದಾಗಿ ಕಾಣುತ್ತದೆ.

ಕಲಿಯುವವನ ಕೆಲಸಕ್ಕೆ ಪೂರ್ಣ ಕೂಲಿ ಸಲ್ಲದೆಂದು ಕೆಲವರು ಆಕ್ಷೇಪಿಸಬಹುದು. ನಿಜ, ಹಾಗಿದ್ದರೆ ಗಂಟೆಗೆ 50 ಎಂದು ಬರೆದುಕೊಳ್ಳಲಿ, ಆದರೆ ಸೊನ್ನೆಯೆಂದು ಬೇಡ. ಕೊಳ್ಳುವವನಿಗೆ ಆ ಲೆಕ್ಕದ ಚೀಟಿಯನ್ನೂ ಉಕ್ಕಿನ ಹೆಸರನ್ನೂ ತೋರಿಸಲಿ. ಹಣ ಪಡೆಯಲು ಮನಸ್ಸೊಪ್ಪದಿದ್ದರೆ ಚೂರಿಯನ್ನು ಉಡುಗೊರೆಯಾಗಿಯೇ ಕೊಡಲಿ. ಉಡುಗೊರೆಯ ಬೆಲೆಯನ್ನು ಮುಂದಿಟ್ಟು ಯಾರೂ ಕಮ್ಮಾರನೊಡನೆ ಚೌಕಾಸಿ ಮಾಡುವುದಿಲ್ಲ.