ತಮ್ಮನ ಮೊಣಕಾಲು, ಅಕ್ಕನ ಸಂಬಳ

ಈ ವಾರ ಬಂದ ಪತ್ರಗಳಲ್ಲಿ ಒಂದನ್ನು ಎರಡು ಸಲ ಓದಿದೆ. ಬರೆದವರು ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರುವ ಹುಡುಗಿ. ಊರು ಹಾಸನದ ಕಡೆ, ಹೆಸರು ಹಾಕಬೇಡಿ ಅಂದಿದ್ದಾರೆ. ತಮ್ಮ ಪಿಯುಸಿ ಸೈನ್ಸ್ ಮುಗಿಸಿದ್ದಾನೆ, ಬಯಾಲಜಿ ಇತ್ತು. ಜಿಲ್ಲಾ ತಂಡದಲ್ಲಿ ಕಬಡ್ಡಿ ಆಡುತ್ತಿದ್ದವನು. ಐದು ತಿಂಗಳ ಹಿಂದೆ ರೈಡ್ ಮಾಡುವಾಗ ಮೊಣಕಾಲು ತಿರುಚಿ ಎಸಿಎಲ್ ಹರಿದು, ಆಪರೇಷನ್ ಆಗಿದೆ. ಈಗ ಅವನು "ಆಡೋಕೆ ಆಗದಿದ್ರೂ ಸ್ಪೋರ್ಟ್ಸ್ ಫೀಲ್ಡಲ್ಲೇ ಇರ್ತೀನಿ" ಅಂತ ಹಟ ಹಿಡಿದಿದ್ದಾನೆ. ಇನ್‌ಸ್ಟಾಗ್ರಾಂನಲ್ಲಿ ಒಂದು ಜಾಹೀರಾತನ್ನೂ ಹುಡುಕಿಟ್ಟಿದ್ದಾನೆ: ಆರು ವಾರದ ಆನ್‌ಲೈನ್ ಕೋರ್ಸ್, ಎಂಬತ್ತೈದು ಸಾವಿರ ಫೀಸು, 'ಸ್ಪೋರ್ಟ್ಸ್ ಸೈನ್ಸ್ ಎಕ್ಸ್‌ಪರ್ಟ್' ಅನ್ನೋ ಸರ್ಟಿಫಿಕೇಟು, ಕೆಲಸ ಗ್ಯಾರಂಟಿ. ಅಪ್ಪ "ಆಟ ಆಡಿ ಯಾರ ಹೊಟ್ಟೆ ತುಂಬಿದೆ?" ಅಂತಾರೆ. ದುಡ್ಡು ಕಟ್ಟಬೇಕಾದವಳು ಅಕ್ಕ. "ತಿಂಗಳ ಕೊನೆಗೆ ಲಾಸ್ಟ್ ಡೇಟ್. ಕಟ್ಟಲಾ ಮೇಡಂ?"

ನನ್ನ ಉತ್ತರ: ಆ ಕೋರ್ಸಿಗೆ ಕಟ್ಟಬೇಡಿ. ಆದರೆ ತಮ್ಮನಿಗೆ ಈ ದಾರಿಯೇ ಬೇಡ ಅಂತಲೂ ಹೇಳಬೇಡಿ. ಯಾಕೆ ಅಂತ ಹೇಳೋಕೆ ಅವನ ಮೊಣಕಾಲೇ ಸಾಕು.

ಮೊಣಕಾಲು ಕಲಿಸುವ ಪಾಠ

ವ್ಯಾಯಾಮ ವಿಜ್ಞಾನ ಅಂದ್ರೆ ಜಿಮ್ಮಿನಲ್ಲಿ ಭಾರ ಎತ್ತಿಸೋದು ಅಂತ ತುಂಬಾ ಜನ ತಿಳಿದಿದ್ದಾರೆ. ನಾನು ಹೇಳೋದಾದರೆ ಅದು ಡೋಸ್ ಲೆಕ್ಕ. ಯಾವ ಮೈಗೆ, ಯಾವತ್ತು, ಎಷ್ಟು ಹೊರೆ. ಔಷಧಿಯ ಹಾಗೆ, ಕಡಿಮೆಯಾದರೆ ಕೆಲಸ ಮಾಡಲ್ಲ, ಹೆಚ್ಚಾದರೆ ಕೆಡುತ್ತೆ.

ಮೊದಲ ಪಾಠ ಓವರ್‌ಲೋಡ್. ಮೈ ತನಗೆ ಅಭ್ಯಾಸ ಇರುವುದಕ್ಕಿಂತ ಸ್ವಲ್ಪ ಹೆಚ್ಚು ಕೇಳಿದಾಗ ಮಾತ್ರ ಬದಲಾಗುತ್ತೆ. ಆಪರೇಷನ್ ಆದ ಮೊದಲ ದಿನಗಳಲ್ಲಿ ಆ ಹುಡುಗನಿಗೆ ಮಲಗಿದಲ್ಲೇ ತೊಡೆಯ ಮುಂಭಾಗದ ಸ್ನಾಯು ಬಿಗಿಹಿಡಿಯೋದೇ ದೊಡ್ಡ ವ್ಯಾಯಾಮ. ತಿಂಗಳುಗಳಾದ ಮೇಲೆ ಅದು ಏನೂ ಅಲ್ಲ, ಆಗ ಸ್ಕ್ವಾಟ್ ಬೇಕು, ಆಮೇಲೆ ಭಾರ ಹಿಡಿದು ಸ್ಕ್ವಾಟ್ ಬೇಕು. ಮೆಟ್ಟಿಲು ಹಾರಿದರೆ ಬೀಳ್ತಾನೆ, ಒಂದೇ ಮೆಟ್ಟಿಲಲ್ಲಿ ನಿಂತರೆ ಅಲ್ಲೇ ಉಳೀತಾನೆ.

ಎರಡನೆಯದು, ಏನು ಅಭ್ಯಾಸ ಮಾಡ್ತೀವೋ ಅದೇ ಸುಧಾರಿಸುತ್ತೆ ಅನ್ನೋದು. ಕಬಡ್ಡಿಯಲ್ಲಿ ಒಂದು ರೈಡ್ ಹೆಚ್ಚೆಂದರೆ 30 ಸೆಕೆಂಡ್. ಪೂರ್ತಿ ಜೋರಿನ ಮೊದಲ ಹತ್ತು ಸೆಕೆಂಡಿನಷ್ಟು ಹೊತ್ತು ಸ್ನಾಯುವಿನಲ್ಲಿ ಮೊದಲೇ ಶೇಖರವಾಗಿರುವ ಶಕ್ತಿಯೇ ಹೆಚ್ಚು ಖರ್ಚಾಗುತ್ತೆ. ಆಮೇಲೆ ಆಮ್ಲಜನಕಕ್ಕೆ ಕಾಯದೆ ಗ್ಲೂಕೋಸ್ ಒಡೆದು ಶಕ್ತಿ ತೆಗೆಯುವ ವ್ಯವಸ್ಥೆ ಮುಂದಾಗುತ್ತೆ. ರೈಡ್ ಮುಗಿಸಿ ಬಂದು ಏದುಸಿರು ಬಿಡ್ತೀವಲ್ಲ, ಆಗ ಆಮ್ಲಜನಕದ ವ್ಯವಸ್ಥೆ ಆ ಸಾಲ ತೀರಿಸ್ತಾ ಇರುತ್ತೆ. ಹಾಗಾಗಿ ದಿನಾ ಹತ್ತು ಕಿಲೋಮೀಟರ್ ನಿಧಾನಕ್ಕೆ ಓಡಿದರೆ ಉಸಿರು ಚೆನ್ನಾಗಿ ಪಳಗಬಹುದು, ಅಷ್ಟಕ್ಕೇ ರೈಡರ್ ತಯಾರಾಗಲ್ಲ. ಮೊಣಕಾಲಿಗೂ ಅದೇ ಮಾತು. ಸೈಕಲ್ ತುಳಿದು ತೊಡೆ ಗಟ್ಟಿಯಾದರೂ, ಹಾರಿ ಇಳಿಯೋದು, ಓಡುತ್ತಲೇ ಥಟ್ಟನೆ ತಿರುಗೋದು ಇವನ್ನು ಬೇರೆಯಾಗಿಯೇ ಕಲಿಸಬೇಕು.

ಮೂರನೆಯದು, ಬಿಟ್ಟರೆ ಹೋಗುತ್ತೆ. ಆಪರೇಷನ್ ಆದ ಕೆಲವೇ ವಾರಗಳಲ್ಲಿ ಆ ಕಾಲಿನ ತೊಡೆ ಸಣ್ಣಗಾಗಿದ್ದನ್ನು ಮನೆಯವರೇ ನೋಡಿರ್ತಾರೆ.

ನಾಲ್ಕನೆಯದು ಚೇತರಿಕೆ. ಸ್ನಾಯು ಬೆಳೆಯೋದು ವ್ಯಾಯಾಮದ ಹೊತ್ತಲ್ಲಿ ಅಲ್ಲ, ಆಮೇಲೆ, ನಿದ್ದೆ ಮತ್ತು ಊಟ ಸರಿಯಾಗಿದ್ದಾಗ. ವ್ಯಾಯಾಮ ಮಾಡಿದ ಮಾರನೇ ದಿನದ ಮೈಕೈ ನೋವಿಗೆ ಲ್ಯಾಕ್ಟಿಕ್ ಆಸಿಡ್ ಕಾರಣ ಅಂತ ಇವತ್ತಿಗೂ ಹೇಳೋರಿದ್ದಾರೆ. ಲ್ಯಾಕ್ಟೇಟ್ ವ್ಯಾಯಾಮ ನಿಲ್ಲಿಸಿದ ಒಂದೆರಡು ಗಂಟೆಯೊಳಗೆ ಮಾಮೂಲಿ ಮಟ್ಟಕ್ಕೆ ಬಂದಿರುತ್ತೆ. ಮಾರನೇ ದಿನದ ನೋವು ಸ್ನಾಯುವಿಗೆ ಆದ ಸೂಕ್ಷ್ಮ ಪೆಟ್ಟು ಮತ್ತು ಅದರ ರಿಪೇರಿಗೆ ಸಂಬಂಧಿಸಿದ್ದು.

ಇಷ್ಟೂ ಪಾಠಗಳ ಕೊನೆಗೆ ಇರೋದು ಅಳತೆ. ಎಸಿಎಲ್ ಆಪರೇಷನ್ ಆದವರು 9 ತಿಂಗಳೊಳಗೆ ಇಂಥ ಆಟಕ್ಕೆ ಮರಳಿದರೆ ಮತ್ತೆ ಗಾಯವಾಗುವ ಅಪಾಯ ಹೆಚ್ಚು. ತಿಂಗಳು ಎಣಿಸಿದರೂ ಸಾಲದು, ಆ ಕಾಲಿನ ಬಲ ಇನ್ನೊಂದು ಕಾಲಿನ ಕನಿಷ್ಠ ಶೇ. 90ರಷ್ಟಾದರೂ ಬಂದಿದೆಯಾ ಅಂತ ಪರೀಕ್ಷೆ ಮಾಡಿ ನೋಡ್ತೀವಿ. "ನೋವಿಲ್ಲ ಮೇಡಂ, ಆಡ್ಲಾ?" ಅಂತ ಐದನೇ ತಿಂಗಳಿಗೇ ಕೇಳೋ ಹುಡುಗರು ನನ್ನ ಹತ್ರ ಬರ್ತಾನೇ ಇರ್ತಾರೆ. ನೋವು ಹೋಗೋದು ಬೇರೆ, ಬಲ ಬರೋದು ಬೇರೆ.

ಒಂದು ಮೊಣಕಾಲಿಗೆ ಎಷ್ಟು ಜನ

ಈಗ ಕೆಲಸದ ವಿಷಯ. ಆ ಒಂದು ಕಾಲಿನ ಸುತ್ತ ಯಾರ್ಯಾರು ಬೇಕು ಅಂತ ಲೆಕ್ಕ ಹಾಕಿ. ಆಪರೇಷನ್ ಮಾಡುವ ಮೂಳೆ ಡಾಕ್ಟರು. ಕಾಲನ್ನು ಮತ್ತೆ ನಡೆಯುವ, ಓಡುವ ಹಂತಕ್ಕೆ ತರುವ ಫಿಸಿಯೋ. ಅಲ್ಲಿಂದ ಆಟದ ವೇಗಕ್ಕೆ ಏರಿಸುವ ಸ್ಟ್ರೆಂತ್ ಅಂಡ್ ಕಂಡೀಷನಿಂಗ್ ಕೋಚ್. ಊಟ ನೋಡುವ ನ್ಯೂಟ್ರಿಷನಿಸ್ಟ್. ಮತ್ತೆ ಬೀಳ್ತೀನಿ ಅನ್ನೋ ಭಯ ಬಿಡಿಸುವ ಸೈಕಾಲಜಿಸ್ಟ್. ಅವನು ಹೇಗೆ ಇಳಿದಾಗ ಕಾಲು ತಿರುಚಿತು ಅಂತ ವಿಡಿಯೋ ನೋಡಿ ಹೇಳುವ ಅನಲಿಸ್ಟ್. ಆಡಿಸುವ ಕೋಚ್. ಇವರೆಲ್ಲರಿಗಿಂತ ಮೊದಲು, ಹೈಸ್ಕೂಲಿನಲ್ಲಿ ಅವನಿಗೆ ಸರಿಯಾಗಿ ಹಾರಿ ಇಳಿಯೋದನ್ನು ಕಲಿಸಬಹುದಾಗಿದ್ದ ಪಿಟಿ ಮೇಷ್ಟ್ರು.

ಇವು ಒಂದೊಂದೂ ಬೇರೆ ಓದು. 'ಸ್ಪೋರ್ಟ್ಸ್ ಸೈನ್ಸ್ ಎಕ್ಸ್‌ಪರ್ಟ್' ಅನ್ನೋ ಒಂದೇ ಕುರ್ಚಿ ಎಲ್ಲೂ ಇಲ್ಲ.

ಫಿಸಿಯೋ ಆಗಬೇಕಾದರೆ ಬಿಪಿಟಿ ಪದವಿ ಬೇಕು. ಇಂಟರ್ನ್‌ಶಿಪ್ ಸೇರಿ ನಾಲ್ಕೂವರೆ, ಐದು ವರ್ಷದ ದಾರಿ. 2021ರ ಕೇಂದ್ರ ಕಾಯ್ದೆಯಡಿ ಇದೊಂದು ನಿಯಂತ್ರಿತ ವೃತ್ತಿ. ಪ್ರವೇಶದ ನಿಯಮಗಳು ಬದಲಾಗುತ್ತಿರುವುದರಿಂದ ಆಯಾ ವರ್ಷದ ಅಧಿಕೃತ ಪ್ರಕಟಣೆಯನ್ನೇ ನೋಡಿ. ಶಾಲೆಯಲ್ಲಿ ದೈಹಿಕ ಶಿಕ್ಷಕರಾಗಲು ಡಿಗ್ರಿ ಆದ ಮೇಲೆ ಎರಡು ವರ್ಷದ ಬಿ.ಪಿ.ಎಡ್ ಸಾಮಾನ್ಯ ದಾರಿ. ಸರ್ಕಾರಿ ನೇಮಕಾತಿ ಪ್ರತಿವರ್ಷ ಇರಲ್ಲ ಅನ್ನೋದೂ ತಲೆಯಲ್ಲಿರಲಿ. ಕೋಚ್ ಆಗೋಕೆ ದೇಶದಲ್ಲಿ ಹೆಚ್ಚು ಬೆಲೆ ಇರೋದು 1961ರಲ್ಲಿ ಶುರುವಾದ ಪಟಿಯಾಲದ ಎನ್‌ಐಎಸ್ ಡಿಪ್ಲೊಮಾಗೆ. ಅಲ್ಲಿ ಆರು ವಾರದ ಸರ್ಟಿಫಿಕೇಟ್ ಕೋರ್ಸೂ ಇದೆ. ಅಂದರೆ ಆರು ವಾರ ಅನ್ನೋದೇ ಮೋಸ ಅಲ್ಲ, ಆದರೆ ಅದು ಯಾರನ್ನೂ ಫಿಸಿಯೋ ಮಾಡಲ್ಲ. ಮಣಿಪುರದಲ್ಲಿರುವ ರಾಷ್ಟ್ರೀಯ ಕ್ರೀಡಾ ವಿಶ್ವವಿದ್ಯಾಲಯದಲ್ಲಿ ಕೋಚಿಂಗ್‌ನಲ್ಲೇ ಬಿ.ಎಸ್ಸಿ ಇದೆ. ಕಂಡೀಷನಿಂಗ್ ಕೋಚ್‌ಗಳು ಬರೆಯುವ ಅಮೆರಿಕದ ಸಿಎಸ್‌ಸಿಎಸ್ ಪರೀಕ್ಷೆಯ ಸರ್ಟಿಫಿಕೇಟ್ ಸಿಗಬೇಕಾದರೂ ಒಂದು ಡಿಗ್ರಿ ಇರಲೇಬೇಕು.

ದುಡ್ಡು ಕಟ್ಟುವ ಮುಂಚೆ

ಯಾವ ಕೋರ್ಸೇ ಇರಲಿ, ಫೋನ್ ಮಾಡಿ ಮೂರು ಪ್ರಶ್ನೆ ಕೇಳಿ.

1. ಇದು ಮುಗಿದ ಮೇಲೆ ಯಾರ ಮೈಗೆ ಏನು ಮಾಡಲು ಕಾನೂನು ಪ್ರಕಾರ ನನಗೆ ಅಧಿಕಾರ ಬರುತ್ತೆ?
2. ಸರ್ಟಿಫಿಕೇಟ್ ಕೊಡೋದು ಯಾರು? ಯಾವ ವಿಶ್ವವಿದ್ಯಾಲಯ ಅಥವಾ ಯಾವ ಸಂಸ್ಥೆ ಅದನ್ನು ಒಪ್ಪಿದೆ?
3. ನಿಜವಾದ ಆಟಗಾರರ ಅಥವಾ ರೋಗಿಗಳ ಜೊತೆ, ಒಬ್ಬ ಹಿರಿಯರ ಕಣ್ಣೆದುರು, ಎಷ್ಟು ಗಂಟೆ ಕೆಲಸ ಕಲಿಸ್ತೀರಿ?

"ಸರ್, ಇವತ್ತೇ ಕಟ್ಟಿದ್ರೆ ಹತ್ತು ಸಾವಿರ ಡಿಸ್ಕೌಂಟ್" ಅನ್ನೋದು ಈ ಮೂರರಲ್ಲಿ ಯಾವುದಕ್ಕೂ ಉತ್ತರ ಅಲ್ಲ.

ಇಷ್ಟು ಕಟ್ಟುನಿಟ್ಟಾಗಿ ಹೇಳೋಕೆ ಕಾರಣ ಇದೆ. ಈ ಕೆಲಸದಲ್ಲಿ ತಪ್ಪಾದರೆ ಕೆಡೋದು ಇನ್ನೊಬ್ಬರ ಮೈ. ಡಿಸ್ಕ್ ತೊಂದರೆ ಇರುವವರಿಗೆ ಮೊದಲ ವಾರವೇ ಭಾರದ ಡೆಡ್‌ಲಿಫ್ಟ್ ಮಾಡಿಸಿದ್ದು, ಎಸಿಎಲ್ ಆದವನನ್ನು ನಾಲ್ಕನೇ ತಿಂಗಳಿಗೆ ಅಂಕಣಕ್ಕಿಳಿಸಿದ್ದು, ಇಂಥವೆಲ್ಲ ಕೊನೆಗೆ ನಮ್ಮ ಟೇಬಲ್ಲಿಗೇ ಬರುತ್ತವೆ. ಮಾಡಿಸಿದವರು ಕೆಟ್ಟವರೇನಲ್ಲ. ಎಲ್ಲಿ ನಿಲ್ಲಬೇಕು ಅಂತ ಅವರಿಗೆ ಯಾರೂ ಕಲಿಸಿರಲ್ಲ.

ಅಪ್ಪನಿಗೆ ಏನು ಹೇಳೋದು

ಅಪ್ಪನ ಭಯ ಸುಳ್ಳಲ್ಲ. ಆಟ ಆಡಿಯೇ ಬದುಕುವವರು ಬೆರಳೆಣಿಕೆ. ಈ ಕ್ಷೇತ್ರದ ಕೆಲಸಗಳಲ್ಲೂ ಮೊದಲ ವರ್ಷಗಳ ಸಂಬಳ ಸಾಫ್ಟ್‌ವೇರಿನ ಹಾಗಿರಲ್ಲ, ಬೆಳಗ್ಗೆ ಐದಕ್ಕೆ ಮೈದಾನದಲ್ಲಿರಬೇಕು, ಭಾನುವಾರ ಮ್ಯಾಚ್ ಇರುತ್ತೆ. ಇದನ್ನು ಮುಚ್ಚಿಡಬೇಡಿ. ಆದರೆ ನಿಮ್ಮ ತಮ್ಮ ಕೇಳ್ತಿರೋದು ಆಡೋಕಲ್ಲ, ಆಡೋರನ್ನು ನೋಡಿಕೊಳ್ಳೋಕೆ. ಅದಕ್ಕೆ ಪದವಿ ಇದೆ, ಆಸ್ಪತ್ರೆ ಇದೆ, ಮಂಡಿ ನೋವಿನ ಅಜ್ಜಿಯರಿದ್ದಾರೆ, ಬೆನ್ನು ಹಿಡಿದುಕೊಂಡ ನಿಮ್ಮಂಥ ಸಾಫ್ಟ್‌ವೇರಿನವರೂ ಇದ್ದೀರಿ. ಬಯಾಲಜಿ ಓದಿರುವುದರಿಂದ ಅವನಿಗೆ ಬಿಪಿಟಿ ಒಳ್ಳೇ ಬುನಾದಿ ಅಂತ ನನಗನಿಸುತ್ತೆ. ಕ್ರೀಡೆಯ ಕಡೆ ಹೋಗೋದನ್ನು ಆಮೇಲೆ ಸ್ನಾತಕೋತ್ತರದಲ್ಲಿ ಆರಿಸಿಕೊಳ್ಳಬಹುದು.

ಒಂದು ಪರೀಕ್ಷೆಯನ್ನು ಮಾತ್ರ ಈಗಲೇ ಮಾಡಿ, ಅದಕ್ಕೆ ಫೀಸಿಲ್ಲ. ಒಂದು ನೋಟ್‌ಬುಕ್ ಕೊಡಿಸಿ. ಫಿಸಿಯೋ ಹೇಳಿದ್ದನ್ನು ಅವನು ದಿನಾ ಬರೆಯಲಿ: ಯಾವ ವ್ಯಾಯಾಮ, ಎಷ್ಟು ಸಲ, ಎಷ್ಟು ಭಾರ, ಮಾರನೇ ದಿನ ಊತ ಇತ್ತಾ, ಎಷ್ಟು ಗಂಟೆ ನಿದ್ದೆ. ಪ್ರತಿ ಸಲ ಹೋದಾಗ "ಇದನ್ನ ಯಾಕೆ ಮಾಡಿಸ್ತೀರಿ ಸರ್?" ಅಂತ ಕೇಳಲಿ. ಮೂರು ತಿಂಗಳು ಬೇಜಾರಿಲ್ಲದೆ ಬರೆದ ಅಂದ್ರೆ, ಅವನಿಗೆ ಆಟದ ಹುಚ್ಚಷ್ಟೇ ಅಲ್ಲ, ಈ ಕೆಲಸಕ್ಕೆ ಬೇಕಾದ ತಾಳ್ಮೆಯೂ ಇದೆ ಅಂತ ಅರ್ಥ. ಆಗ ಎಂಬತ್ತೈದು ಸಾವಿರವನ್ನು ಕಾಲೇಜಿನ ಮೊದಲ ವರ್ಷದ ಫೀಸಿಗೆ ಇಟ್ಟುಕೊಳ್ಳಿ. ನಾಲ್ಕನೇ ದಿನಕ್ಕೇ ನೋಟ್‌ಬುಕ್ ಮೂಲೆ ಸೇರಿದರೂ ಬೈಯಬೇಡಿ, ಬೇರೆ ದಾರಿ ನೋಡೋಕೆ ಅವನಿಗಿನ್ನೂ ವಯಸ್ಸಿದೆ.

ಮುಂದಿನ ವಾರ: ಮೂವತ್ತು ದಾಟಿದ ಮೇಲೆ ಓಡೋಕೆ ಶುರು ಮಾಡಿದರೆ ಮಂಡಿ ಸವೆಯುತ್ತಾ? ಈ ಪ್ರಶ್ನೆಯನ್ನು ಒಂಬತ್ತು ಜನ ಕೇಳಿದ್ದೀರಿ.