ಫಾತಿಮಾ ಕೇಳಿದ ಪಾಲು

ಹಸನ್ ಹುಸೇನರ ಹೆಸರನ್ನು ನಮ್ಮ ಸೀಮೆಯವರಿಗೆ ಯಾರೂ ಹೊಸದಾಗಿ ಹೇಳಿಕೊಡಬೇಕಾಗಿಲ್ಲ. ಮೊಹರಮ್ಮನ್ನು ಬಾಬಯ್ಯನ ಹಬ್ಬವೆಂದು ಕರೆದು, ಹಿಂದೂ ಮುಸಲ್ಮಾನರು ಒಟ್ಟಿಗೆ ಕುಣಿದ ನಾಡು ಇದು. ಶಿವನಸಮುದ್ರದ ಮರ್ದಾನೆ ಗೈಬ್ ದರ್ಗಾಕ್ಕೆ ಎಲ್ಲ ಜಾತಿಯವರೂ ಹರಕೆ ಹೊತ್ತು ಹೋಗುತ್ತಾರೆ. ಧನಗೆರೆಯವರಿಗೆ ಅದೇನೂ ದೂರವಲ್ಲ. 680ರಲ್ಲಿ ಕರ್ಬಲಾ ಮೈದಾನದಲ್ಲಿ ಹುಸೇನರು ಪ್ರಾಣ ಕೊಟ್ಟ ಕಥೆಯನ್ನು ಕೇಳದವರು ಕಡಿಮೆ. ಆದರೆ ಅದೇ ಹುಸೇನರ ತಾಯಿ ತನ್ನ ಪಾಲಿನ ಆಸ್ತಿಯನ್ನು ಕೇಳಿಕೊಂಡು ಆಳುವವರ ಮುಂದೆ ನಿಂತ ಸಂಗತಿ ಎಷ್ಟು ಮಂದಿಗೆ ಗೊತ್ತಿದೆ? ಅದನ್ನು ಹೇಳುವುದರಿಂದ ಗಂಡಸರಿಗೆ ಲಾಭವಿಲ್ಲ. ಆದಕಾರಣ ಹೇಳುವವರೂ ವಿರಳ.

ಫಾತಿಮಾ ಪೈಗಂಬರ್ ಮಹಮ್ಮದರ ಕಿರಿಯ ಮಗಳು. ಆಕೆಯ ಮದುವೆಗೆ ಅಲಿಯವರ ಹತ್ತಿರ ಹಣವಿರಲಿಲ್ಲ. ಯುದ್ಧದ ಕವಚವನ್ನು ಮಾರಿ ಮೆಹರ್ ಕೊಟ್ಟರೆಂದು ಪರಂಪರೆ ಹೇಳುತ್ತದೆ. ಗಮನಿಸಬೇಕಾದ್ದೇನೆಂದರೆ, ಹಣ ಹೋದದ್ದು ಗಂಡಿನ ಕಡೆಯಿಂದ ಹೆಣ್ಣಿಗೆ. ಇವತ್ತು ಅದೇ ಮತದ ಮದುವೆಗಳಲ್ಲೂ ಹಣ ಹಿಂದುಮುಂದಾಗಿ ಹರಿಯುತ್ತಿದೆ; 1961ರ ವರದಕ್ಷಿಣೆ ನಿಷೇಧ ಕಾನೂನು ಕಾಗದದ ಮೇಲೆ ಕುಳಿತಿದೆ. ಆ ಮನೆಯಲ್ಲಿ ಫಾತಿಮಾ ತಾನೇ ಬೀಸುತ್ತಿದ್ದಳು, ತಾನೇ ನೀರು ಹೊರುತ್ತಿದ್ದಳು. ಬೀಸುವ ಕಲ್ಲಿನಿಂದ ಕೈಗೆ ಬೊಬ್ಬೆ ಎದ್ದು, ಒಬ್ಬ ಆಳು ಬೇಕೆಂದು ತಂದೆಯನ್ನು ಕೇಳಿದಾಗ ಆಳು ಸಿಗಲಿಲ್ಲ; ಮಲಗುವ ಮುನ್ನ ಮಾಡಬೇಕಾದ ಜಪವನ್ನು ತಂದೆ ಹೇಳಿಕೊಟ್ಟರು. ಮಾಂಬಳ್ಳಿ, ಸಂತೇಮರಹಳ್ಳಿಗಳ ರೇಷ್ಮೆ ಕಾರ್ಖಾನೆಗಳಲ್ಲಿ ಕುದಿಯುವ ನೀರಿನಲ್ಲಿ ಗೂಡು ಹಿಡಿದು ನೂಲು ತೆಗೆದ ಹೆಂಗಸರ ಬೆರಳುಗಳನ್ನು ನೋಡಿದವರಿಗೆ ಆ ಕೈ ಎಂಥದೆಂದು ವಿವರಿಸಬೇಕಾಗಿಲ್ಲ.

632ರಲ್ಲಿ ಪೈಗಂಬರರು ತೀರಿಕೊಂಡರು. ಖೈಬರಿನ ಹತ್ತಿರ ಫದಕ್ ಎಂಬ ಖರ್ಜೂರದ ತೋಟಗಳ ನೆಲವಿತ್ತು. 628ರಲ್ಲಿ ಅವರ ಕೈಗೆ ಬಂದದ್ದು. ಅದು ತನಗೆ ಸೇರಬೇಕೆಂದು ಫಾತಿಮಾ ಮೊದಲನೆಯ ಖಲೀಫ ಅಬೂಬಕರರನ್ನು ಕೇಳಿದಳು. ಅಬೂಬಕರರು ಬೇರೆಯವರೇನಲ್ಲ, ಪೈಗಂಬರರ ಪತ್ನಿ ಆಯಿಷಾರ ತಂದೆ. ಪ್ರವಾದಿಗಳು ಬಿಟ್ಟುಹೋದದ್ದು ವಾರಸುದಾರರಿಗಲ್ಲ, ಅದು ದಾನದ ಸ್ವತ್ತು ಎಂಬ ಮಾತನ್ನು ಪೈಗಂಬರರಿಂದಲೇ ಕೇಳಿದ್ದೇನೆ ಎಂದು ಅವರು ಉತ್ತರಕೊಟ್ಟರು. ಸುನ್ನಿಗಳೂ ಷಿಯಾಗಳೂ ಈ ವಿಚಾರದಲ್ಲಿ ಇಂದಿಗೂ ಒಂದಾಗಿಲ್ಲ. ಅದರಲ್ಲಿ ತೀರ್ಪು ಕೊಡುವುದು ನಮ್ಮ ಕೆಲಸವಲ್ಲ. ನಮಗೆ ಬೇಕಾದದ್ದು ಒಂದೇ ಅಂಶ. ತಕರಾರು ನಡೆದದ್ದು ಆ ಸ್ವತ್ತು ಎಂಥದು ಎಂಬುದರ ಮೇಲೆ. ಹೆಣ್ಣುಮಗಳಿಗೆ ಪಾಲೆಲ್ಲಿಯದು, ಕೇಳಲು ನಾಚಿಕೆಯಾಗುವುದಿಲ್ಲವೇ ಎಂಬ ಉತ್ತರ ಖಲೀಫರ ಬಾಯಿಂದ ಬರಲಿಲ್ಲ.

ಬರುವಂತೆಯೂ ಇರಲಿಲ್ಲ. ಏಕೆಂದರೆ ಆ ಪ್ರಶ್ನೆ ಅದಕ್ಕೆ ಮೊದಲೇ ಇತ್ಯರ್ಥವಾಗಿತ್ತು. 625ರ ಉಹುದ್ ಕಾಳಗದಲ್ಲಿ ಸಾದ್ ಬಿನ್ ರಬೀ ಎಂಬವರು ಮಡಿದರು. ಹಿಂದೆ ಉಳಿದವರು ಹೆಂಡತಿ, ಇಬ್ಬರು ಹೆಣ್ಣುಮಕ್ಕಳು. ಸತ್ತವನ ತಮ್ಮನೋ ಅಣ್ಣನೋ ಬಂದು ಇದ್ದದ್ದನ್ನೆಲ್ಲ ಬಾಚಿಕೊಂಡ. ಆಯುಧ ಹಿಡಿಯಲಾರದವರಿಗೆ ಆಸ್ತಿಯಿಲ್ಲ ಎಂಬುದು ಅಲ್ಲಿನ ಹಳೆಯ ಕಟ್ಟಳೆ. ಆ ವಿಧವೆ ಮನೆಯಲ್ಲಿ ಅಳುತ್ತ ಕೂರಲಿಲ್ಲ. ಮಕ್ಕಳಿಬ್ಬರನ್ನೂ ಕರೆದುಕೊಂಡು ಪೈಗಂಬರರ ಬಳಿಗೆ ಹೋದಳು. ಆಸ್ತಿಯನ್ನು 24 ಭಾಗ ಮಾಡಿದರೆ ಹೆಣ್ಣುಮಕ್ಕಳಿಬ್ಬರಿಗೆ 16, ಹೆಂಡತಿಗೆ 3, ಮಿಕ್ಕ 5 ಮಾತ್ರ ಸೋದರನಿಗೆ ಎಂಬ ಲೆಕ್ಕದಲ್ಲಿ ವಿಭಾಗವಾಯಿತು. ಒಬ್ಬ ಹೆಂಗಸು ಹೊಸ್ತಿಲು ದಾಟಿ ಕೇಳಿದ್ದರಿಂದ ನಡೆದ ಇತ್ಯರ್ಥ ಇದು.

ವ್ಯಾಪಾರಿ ಬಂಧುಗಳು ಇನ್ನೊಂದನ್ನೂ ನೆನಪಿನಲ್ಲಿಡಬಹುದು. ಪೈಗಂಬರರ ಮೊದಲನೆಯ ಪತ್ನಿ ಖದೀಜಾ ಮಕ್ಕಾದ ದೊಡ್ಡ ವರ್ತಕಳು. ಅವರು ಆಕೆಯ ಸರಕನ್ನು ಸಿರಿಯಾಕ್ಕೆ ಕೊಂಡೊಯ್ದ ಗುಮಾಸ್ತರು. ಮದುವೆಯ ಪ್ರಸ್ತಾಪ ಬಂದದ್ದೂ ಆಕೆಯ ಕಡೆಯಿಂದಲೇ. ಅಂಗಡಿಯ ಗಲ್ಲಾಪೆಟ್ಟಿಗೆಯ ಹತ್ತಿರ ಹೆಣ್ಣು ಕೂರಬಾರದೆನ್ನುವವರು ಇದಕ್ಕೇನು ಹೇಳುತ್ತಾರೋ!

ಇನ್ನು ನಮ್ಮ ಊರಿನ ಸ್ಥಿತಿ. 1937ರ ಷರೀಅತ್ ಕಾನೂನು ಮುಸಲ್ಮಾನ ಹೆಣ್ಣುಮಕ್ಕಳಿಗೆ ಪಾಲನ್ನು ಖಾಯಂ ಮಾಡಿತು, ಆದರೆ ವ್ಯವಸಾಯದ ಜಮೀನನ್ನು ಹೊರಗಿಟ್ಟಿತು. ಜಮೀನ್ದಾರರ ಕೈವಾಡ ಅದರಲ್ಲಿ ಇರಲಿಲ್ಲವೆಂದರೆ ನಂಬುವವರು ಯಾರು? ಮದರಾಸು ಶಾಸನಸಭೆ 1949ರಲ್ಲಿ ಆ ಹೊರಪಡಿಕೆಯನ್ನು ತೆಗೆದುಹಾಕಿತು. ಆಗ ಕೊಳ್ಳೇಗಾಲ ಕೊಯಮತ್ತೂರು ಜಿಲ್ಲೆಯ ತಾಲ್ಲೂಕು. ಮೈಸೂರು ರಾಜ್ಯಕ್ಕೆ ಸೇರಿದ್ದು 1956ರ ನವೆಂಬರ್ 1ರಂದು. ಅಂದರೆ ಹೊಲದಲ್ಲೂ ಹೆಣ್ಣಿಗೆ ಪಾಲುಂಟೆಂಬ ಮಾತು ಈ ಸೀಮೆಗೆ ಆಗಲೇ ಬಂದಿತ್ತು. ಬಂದು ಏನಾಯಿತು? ತಂದೆ ಸತ್ತ ಕೆಲವೇ ದಿನಗಳಲ್ಲಿ ಅಣ್ಣಂದಿರು ತಂಗಿಯನ್ನು ಸಬ್ ರಿಜಿಸ್ಟ್ರಾರ್ ಕಚೇರಿಗೆ ಕರೆತಂದು ಹಕ್ಕು ಬಿಡುಗಡೆ ಪತ್ರಕ್ಕೆ ಹೆಬ್ಬೆಟ್ಟು ಒತ್ತಿಸುವುದು ನಿಂತಿಲ್ಲ. ಒತ್ತದಿದ್ದರೆ ತವರಿನ ಬಾಗಿಲು ಮುಚ್ಚುತ್ತದೆ. ಒಂದು ಸೀರೆಗೆ, ಒಂದು ಹೊತ್ತಿನ ಬಿರಿಯಾನಿಗೆ ಮನೆಯ ಪಾಲು ಹೋಗುತ್ತದೆ.

ಹಿಂದೂಗಳು ಇದನ್ನೋದಿ ಮೀಸೆಯಡಿ ನಗಬೇಕಾಗಿಲ್ಲ. ಕರ್ನಾಟಕದಲ್ಲಿ 1994ರಲ್ಲೂ ಇಡೀ ದೇಶಕ್ಕೆ 2005ರಲ್ಲೂ ಪಿತ್ರಾರ್ಜಿತದಲ್ಲಿ ಮಗಳಿಗೆ ಮಗನಷ್ಟೇ ಹಕ್ಕೆಂದು ಶಾಸನವಾಯಿತು. ಅದೇ ಕಚೇರಿಯ ಅದೇ ಜಗಲಿಯ ಮೇಲೆ ಅದೇ ಪತ್ರಕ್ಕೆ ಅವರ ಅಕ್ಕತಂಗಿಯರೂ ಸಾಲುಗಟ್ಟಿದ್ದಾರೆ. ಹೆಣ್ಣಿನ ಆಸ್ತಿ ನುಂಗುವುದರಲ್ಲಿ ಮತಭೇದವಿಲ್ಲ. ಷರೀಅತ್ ಪ್ರಕಾರ ಮಗಳಿಗೆ ಮಗನ ಅರ್ಧ. ಅರ್ಧವೆಂಬುದು ಸಮಾನತೆಯಲ್ಲ, ಗಂಡು ಹೆಣ್ಣಿನ ಸಮಾನತೆಯನ್ನು ಸಪ್ತಕ್ರಾಂತಿಗಳಲ್ಲಿ ಒಂದಾಗಿ ಎಣಿಸಿದ ಲೋಹಿಯಾರ ಹಾದಿಯವರು ಇದನ್ನು ಮುಚ್ಚುಮರೆಯಿಲ್ಲದೆ ಹೇಳತಕ್ಕದ್ದು. ಆದರೆ ಆ ಅರ್ಧವನ್ನೂ ಕೊಡದವನು ಮತದ ರಕ್ಷಣೆಯ ಭಾಷಣ ಮಾಡುವಾಗ, ನಿನ್ನ ತಂಗಿಯ ಪಾಲೆಲ್ಲಿ ಎಂದು ಕೇಳುವ ಅಧಿಕಾರ ಅವನ ಮಸೀದಿಯವರಿಗೇ ಉಂಟು.

ಅನಾಥ ಮೊಮ್ಮಕ್ಕಳ ಮಾತೊಂದು ಉಳಿದಿದೆ. ಮಗ ತಂದೆಗಿಂತ ಮೊದಲೇ ಸತ್ತು, ಇನ್ನೊಬ್ಬ ಮಗ ಬದುಕಿದ್ದರೆ, ಸತ್ತವನ ಮಕ್ಕಳಿಗೆ ಅಜ್ಜನ ಆಸ್ತಿಯಲ್ಲಿ ವಾರಸುದಾರಿಕೆಯಿಲ್ಲ ಎಂಬುದು ನಮ್ಮ ದೇಶದಲ್ಲಿ ನಡೆಯುತ್ತಿರುವ ಹನಫಿ ನಿಯಮ. ಪೈಗಂಬರರೇ ಅಂಥ ಮಗು. ಹುಟ್ಟುವ ಮೊದಲೇ ತಂದೆಯಿಲ್ಲ, 6ನೆಯ ವಯಸ್ಸಿಗೆ ತಾಯಿಯಿಲ್ಲ, 8ಕ್ಕೆ ಅಜ್ಜನೂ ಇಲ್ಲ. ಚಿಕ್ಕ ಸಂಪಾದನೆಯ ದೊಡ್ಡಪ್ಪ ಅಬೂತಾಲಿಬ್ ಸಾಕಿದರು. ಮುಂದೆ ಆ ದೊಡ್ಡಪ್ಪನಿಗೆ ಕಷ್ಟ ಬಂದಾಗ ಅವರ ಮಗ ಅಲಿಯನ್ನು ಪೈಗಂಬರರು ತಮ್ಮ ಮನೆಯಲ್ಲಿಟ್ಟುಕೊಂಡು ಸಾಕಿ ಋಣ ತೀರಿಸಿದರು. ಪಾಕಿಸ್ತಾನ 1961ರಲ್ಲಿ ಸುಗ್ರೀವಾಜ್ಞೆ ಹೊರಡಿಸಿ ಅಂಥ ಮೊಮ್ಮಕ್ಕಳಿಗೆ ಅವರ ತಂದೆಯ ಪಾಲನ್ನು ಕೊಡಿಸಿತು. ನಮ್ಮಲ್ಲಿ ಅದಾಗಿಲ್ಲ. ಆಗುವವರೆಗೂ ಒಂದು ದಾರಿ ತೆರೆದಿದೆ: ಅಜ್ಜನಾದವನು ತನ್ನ ಸ್ವತ್ತಿನ ಮೂರರಲ್ಲಿ ಒಂದು ಭಾಗದವರೆಗೆ ಅಂಥ ಮೊಮ್ಮಗನ ಹೆಸರಿಗೆ ವಸೀಯತ್ ಬರೆಯಬಹುದು. ಅದಕ್ಕೆ ಬೇರೆ ಮಕ್ಕಳ ಒಪ್ಪಿಗೆ ಬೇಕಿಲ್ಲ, ಸ್ಟಾಂಪು ಕಾಗದವೂ ಬೇಕಿಲ್ಲ. ನಂಬಿಕೆಯ ಇಬ್ಬರು ಸಾಕ್ಷಿಗಳ ರುಜು ಹಾಕಿಸಿಟ್ಟರೆ ನಾಳೆ ತಕರಾರು ಬಂದಾಗ ಕೈಗೆ ಒದಗುತ್ತದೆ.